ಯಾರೂ ಒಳಗೆ ಹೋಗಲಾಗದ ಕೋಣೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಕಾರವಾರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕೈಗಾದಂಥ ಸ್ಥಾವರಗಳಲ್ಲಿ ಬಳಸಿ ಮುಗಿದ ಇಂಧನವನ್ನು ಆಸಿಡ್‌ನಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂ ಬೇರೆ ಮಾಡುತ್ತಾರೆ ಎಂದು ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ವಿಕಿರಣ ಇರೋದ್ರಿಂದ ಒಳಗೆ ಯಾರೂ ಹೋಗಲ್ಲ ಅಂದ್ರೆ, ಒಳಗೆ ಏನಾಗ್ತಿದೆ ಅಂತ ಆಗಿಂದಾಗ್ಗೆ ಹೇಗೆ ಗೊತ್ತಾಗುತ್ತೆ? ಸೆನ್ಸರ್ ಹಾಕಿ ಕಂಪ್ಯೂಟರ್‌ನಲ್ಲಿ ನೋಡಿದ್ರೆ ಸಾಕಲ್ವಾ?" ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಬಿಡಿಸಿ ಹೇಳುತ್ತೀರಾ?

ಉತ್ತರ: ಮೇಡಂ, ಆ ಹುಡುಗಿ ಕೇಳಿದ್ದು ಈ ಕ್ಷೇತ್ರದಲ್ಲಿ ದುಡಿಯುವವರು ಎಷ್ಟೋ ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ. ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಟ್ಯಾಂಕಿನಲ್ಲಿ ದ್ರವ ಎಷ್ಟಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ಸಾಂದ್ರವಾಗಿದೆ ಎನ್ನುವುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಅದರಲ್ಲಿ ಪ್ಲುಟೋನಿಯಂ ಎಷ್ಟಿದೆ, ಯಾವ ರೂಪದಲ್ಲಿದೆ ಎನ್ನುವುದು ಬಹಳ ಕಾಲದವರೆಗೆ ಗೊತ್ತಾಗುತ್ತಿದ್ದದ್ದು ಲ್ಯಾಬ್‌ನಿಂದ ರಿಪೋರ್ಟ್ ಬಂದ ಮೇಲೆ, ಅಂದರೆ ಗಂಟೆಗಳು ಕಳೆದ ನಂತರ. ಆ ಗಂಟೆಗಳನ್ನು ನಿಮಿಷಕ್ಕೆ ಇಳಿಸುವುದೇ ಈಗ ನಡೆಯುತ್ತಿರುವ ಕೆಲಸ. ಇನ್ನು ಸೆನ್ಸರ್ ಹಾಕಿದರೆ ಸಾಕಾ ಅಂದರೆ, ಸಾಕಾಗುವುದಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು.

ಮೊದಲು ಒಂದು ವಿಷಯ. ಬಳಸಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ಬೇರೆ ಮಾಡುವ ಈ ಕೆಲಸಕ್ಕೆ ಮರುಸಂಸ್ಕರಣೆ ಎನ್ನುತ್ತಾರೆ. ಅದು ಕೈಗಾದಲ್ಲಿ ನಡೆಯುವುದಿಲ್ಲ. ಅಲ್ಲಿಯ ಒಂದೊಂದು ರಿಯಾಕ್ಟರ್‌ನಲ್ಲಿ 306 ಕೊಳವೆಗಳು, ಒಂದೊಂದರಲ್ಲಿ 12 ಇಂಧನದ ಕಟ್ಟುಗಳು. ಒಂದು ಕಟ್ಟು ಸುಮಾರು ಅರ್ಧ ಮೀಟರ್ ಉದ್ದ, 19 ಕಡ್ಡಿಗಳ ಗೊಂಚಲು. ಉರಿದು ಹೊರಬಂದ ಕಟ್ಟುಗಳು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣ್ಣಗಾಗಬೇಕು. ನಮ್ಮ ದೇಶದಲ್ಲಿ ಮರುಸಂಸ್ಕರಣೆಯ ಪ್ಲಾಂಟ್‌ಗಳು ಇರುವುದು ಟ್ರಾಂಬೆ, ತಾರಾಪುರ ಮತ್ತು ಕಲ್ಪಾಕ್ಕಂನಲ್ಲಿ. ಟ್ರಾಂಬೆಯದು 1964ರಲ್ಲೇ ಶುರುವಾಯಿತು. ಇಂಥ ರಿಯಾಕ್ಟರ್‌ನಿಂದ ಬಂದ ಒಂದು ಟನ್ ಇಂಧನದಲ್ಲಿ ಪ್ಲುಟೋನಿಯಂ ಇರುವುದು ಹತ್ತಿರ ಹತ್ತಿರ ನಾಲ್ಕು ಕಿಲೋ. ಉಳಿದಿದ್ದರಲ್ಲಿ ಹೆಚ್ಚಿನ ಪಾಲು ಯುರೇನಿಯಂ, ಜೊತೆಗೆ ಸೀಸಿಯಂ, ಸ್ಟ್ರಾನ್ಷಿಯಂನಂಥ ತೀವ್ರ ವಿಕಿರಣದ ಧಾತುಗಳು.

ಕೆಲಸದ ಕ್ರಮ ಹೇಳಲು ಸುಲಭ. ಕಡ್ಡಿಗಳನ್ನು ತುಂಡು ಮಾಡಿ ಬಿಸಿ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ ಎಣ್ಣೆಯಂಥ ದ್ರಾವಕದ ಜೊತೆ ಉದ್ದನೆಯ ಕಾಲಮ್‌ಗಳಲ್ಲಿ ಎದುರುಬದುರಾಗಿ ಹರಿಸುತ್ತಾರೆ. ಯುರೇನಿಯಂ ಮತ್ತು ಪ್ಲುಟೋನಿಯಂ ದ್ರಾವಕಕ್ಕೆ ಹೋಗುತ್ತವೆ. ಸೀಸಿಯಂ ಮುಂತಾದವು ಆಸಿಡ್‌ನಲ್ಲೇ ಉಳಿಯುತ್ತವೆ. ಆಮೇಲೆ ಪ್ಲುಟೋನಿಯಂಗೆ ಒಂದು ಎಲೆಕ್ಟ್ರಾನ್ ಕೊಟ್ಟು ನಾಲ್ಕರ ವೇಲೆನ್ಸಿಯಿಂದ ಮೂರಕ್ಕೆ ಇಳಿಸುತ್ತಾರೆ. ಮೂರರದ್ದನ್ನು ದ್ರಾವಕ ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ಆಸಿಡ್‌ಗೆ ವಾಪಸ್ ಬರುತ್ತದೆ. ಪ್ಯುರೆಕ್ಸ್ ಎನ್ನುವ ಈ ವಿಧಾನದ ಮೂಲ ನಿಮ್ಮ ಪಿಯು ಪುಸ್ತಕದ ರೆಡಾಕ್ಸ್ ಪಾಠದಲ್ಲೇ ಇದೆ.

ಇದೆಲ್ಲ ನಡೆಯುವುದು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಗಳಲ್ಲಿ. ಹಾಟ್ ಸೆಲ್ ಎನ್ನುತ್ತಾರೆ. ಒಳಗಿನ ಗಾಮಾ ವಿಕಿರಣಕ್ಕೆ ಮಾಮೂಲಿ ಗಾಜು ಕಂದು ತಿರುಗುತ್ತದೆ. ಪ್ಲಾಸ್ಟಿಕ್ ಪುಡಿಯಾಗುತ್ತದೆ. ಎಲೆಕ್ಟ್ರಾನಿಕ್ ಚಿಪ್ ಹೆಚ್ಚು ದಿನ ಬಾಳುವುದಿಲ್ಲ. ನಿಮ್ಮ ಲ್ಯಾಬ್‌ನ ಪಿಎಚ್ ಮೀಟರ್ ಮೂರು ಮೋಲಾರ್ ಆಸಿಡ್‌ನಲ್ಲಿ ಹೇಗೂ ಉಪಯೋಗಕ್ಕೆ ಬರಲ್ಲ. ಇಷ್ಟರ ಮೇಲೆ, ಕೆಟ್ಟರೆ ಬದಲಾಯಿಸಲು ಯಾರೂ ಒಳಗೆ ಹೋಗುವಂತಿಲ್ಲ. ಹಾಗಾಗಿ ಈ ಕ್ಷೇತ್ರದ ಇಂಜಿನಿಯರುಗಳು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ: ಒಳಗೆ ಬರೀ ಸ್ಟೀಲ್ ಪೈಪ್ ಇರಲಿ, ಬುದ್ಧಿ ಇರುವ ಸಾಮಾನೆಲ್ಲ ಹೊರಗಿರಲಿ.

ಆ ಬರೀ ಪೈಪ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ನನಗೆ ತುಂಬ ಇಷ್ಟವಾದ ವಿಷಯ. ಎಳನೀರಿಗೆ ಸ್ಟ್ರಾ ಹಾಕಿ ಹೀರುವ ಬದಲು ಊದಿ ನೋಡಿ. ಸ್ಟ್ರಾ ಮೇಲ್ಗಡೆ ಇದ್ದಾಗ ಮೆಲ್ಲಗೆ ಊದಿದರೂ ಗುಳ್ಳೆ ಬರುತ್ತದೆ. ಆಳಕ್ಕೆ ಇಳಿಸಿದಷ್ಟೂ ಜೋರಾಗಿ ಊದಬೇಕು. ಗುಳ್ಳೆ ಬರಿಸಲು ಬೇಕಾದ ಒತ್ತಡ ಗೊತ್ತಾದರೆ ಸ್ಟ್ರಾದ ತುದಿಯ ಮೇಲೆ ದ್ರವ ಎಷ್ಟು ಎತ್ತರ ನಿಂತಿದೆ ಎಂದು ಲೆಕ್ಕ ಹಾಕಬಹುದು. ಮರುಸಂಸ್ಕರಣೆ ಪ್ಲಾಂಟ್‌ನ ಟ್ಯಾಂಕುಗಳಲ್ಲಿ ಇರುವುದೂ ಇದೇ. ಸಣ್ಣ ಸ್ಟೀಲ್ ಟ್ಯೂಬ್ ಟ್ಯಾಂಕಿನ ತಳದ ತನಕ ಇಳಿದಿರುತ್ತದೆ. ಗೋಡೆಯಾಚೆಯಿಂದ ಅದರೊಳಗೆ ನಿಧಾನವಾಗಿ ಗಾಳಿ ಬಿಡುತ್ತಾರೆ. ಒತ್ತಡ ಅಳೆಯುವ ಉಪಕರಣ ಹೊರಗೆ, ಜನ ಓಡಾಡುವ ಜಾಗದಲ್ಲಿ ಇರುತ್ತದೆ.

ಎರಡು ಟ್ಯೂಬ್ ಇಟ್ಟರೆ ಇನ್ನೂ ಒಂದು ವಿಷಯ ಗೊತ್ತಾಗುತ್ತದೆ. ಒಂದರ ತುದಿ ಇನ್ನೊಂದಕ್ಕಿಂತ ಸರಿಯಾಗಿ 25 ಸೆಂಟಿಮೀಟರ್ ಮೇಲಿದೆ ಅಂದುಕೊಳ್ಳಿ. ಎರಡರ ಒತ್ತಡದ ವ್ಯತ್ಯಾಸ 25 ಸೆಂಟಿಮೀಟರ್ ನೀರಿನಷ್ಟು ಬಂದರೆ ಒಳಗಿರುವ ದ್ರವದ ಸಾಂದ್ರತೆ ನೀರಿನಷ್ಟೇ. 32.5 ಬಂದರೆ 1.3. ಯುರೇನಿಯಂ ಕರಗಿದಷ್ಟೂ ದ್ರಾವಣ ತೂಕವಾಗುತ್ತದೆ. ಹಾಗಾಗಿ ಈ ಒಂದು ಸಂಖ್ಯೆ ನೋಡಿದರೆ ಅನುಭವ ಇರುವ ಆಪರೇಟರ್‌ಗೆ ಸಾಕಷ್ಟು ತಿಳಿಯುತ್ತದೆ.

ಈ ಸ್ಟ್ರಾಗೂ ತಪ್ಪಾಗುತ್ತದೆ. ಗಾಳಿ ಬಿಡುವ ತುದಿಯಲ್ಲಿ ದ್ರಾವಣ ಒಣಗಿ ಉಪ್ಪು ಕಟ್ಟಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾಮೂಲಿ ಕೆಮಿಕಲ್ ಕಾರ್ಖಾನೆಯೊಂದರಲ್ಲಿ, ರಾತ್ರಿ ಶಿಫ್ಟ್‌ನಲ್ಲಿ ಒಂದು ಟ್ಯಾಂಕ್ ತಾನಾಗಿ ತುಂಬುತ್ತಾ ಹೋಯಿತು. ಟ್ಯಾಂಕಿನ ಮಟ್ಟವನ್ನು ಬರೆಯುವ ಪೇಪರ್ ಮೇಲೆ ಗೆರೆ ಏರುತ್ತಲೇ ಇತ್ತು. ಒಳಗೆ ಬರುವ ವಾಲ್ವ್ ಮುಚ್ಚಿದ್ದೆವು. ಆದರೂ ಏರಿತು. ಹಿರಿಯ ಫೋರ್‌ಮನ್ ಬಂದವರು ಟ್ಯಾಂಕಿನ ಕಡೆ ನೋಡಲೇ ಇಲ್ಲ. ಟ್ಯೂಬ್‌ಗೆ ಒಂದು ಸಲ ಜೋರಾಗಿ ಗಾಳಿ ಹೊಡೆಸಿದರು. ಗೆರೆ ಧಡಕ್ಕನೆ ಕೆಳಗೆ ಬಂತು. "ತುದಿ ಕಟ್ಟಿಕೊಂಡರೆ ಟ್ಯಾಂಕ್ ತುಂಬಿದ ಹಾಗೆ ತೋರಿಸುತ್ತೆ, ಲೈನ್ ಸೋರಿದರೆ ಖಾಲಿಯಾದ ಹಾಗೆ ತೋರಿಸುತ್ತೆ, ನೆನಪಿಟ್ಟುಕೋ" ಅಂದರು. ಆ ಮಾತು ಮರೆತಿಲ್ಲ. ರೀಡಿಂಗ್ ತಪ್ಪಿದಾಗ ಯಾವ ಕಡೆಗೆ ತಪ್ಪುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ತೊಡಕು ಸಾಂದ್ರತೆಯಲ್ಲೇ ಇದೆ. ಯುರೇನಿಯಂ ಜಾಸ್ತಿಯಾದರೂ ಸಾಂದ್ರತೆ ಏರುತ್ತದೆ, ಆಸಿಡ್ ಜಾಸ್ತಿಯಾದರೂ ಏರುತ್ತದೆ. ಯಾವುದರಿಂದ ಏರಿತು ಎಂದು ಒಂದೇ ಸಂಖ್ಯೆ ಹೇಳಲ್ಲ. ಅದಕ್ಕೆ ಬೇರೆ ಸ್ವಭಾವದ ಇನ್ನೊಂದು ಅಳತೆ ಬೇಕು, ಉದಾಹರಣೆಗೆ ವಿದ್ಯುತ್ ವಾಹಕತೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದವರು ಇಂಥ ಅಳತೆಗಳನ್ನು ಮಿಡಿತಗಳಾಗಿ ಕೊಡುವ ಪಲ್ಸೇಟಿಂಗ್ ಸೆನ್ಸರ್‌ಗಳನ್ನು ತಾವೇ ಮಾಡಿದ್ದಾರೆ.

ಪ್ಲುಟೋನಿಯಂ ಎಷ್ಟಿದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಮಾತ್ರ ಸ್ಯಾಂಪಲ್ ತೆಗೆಯಲೇಬೇಕು. ಟ್ಯಾಂಕಿನಿಂದ ಸ್ವಲ್ಪ ದ್ರಾವಣವನ್ನು ಮೇಲಕ್ಕೆ ಎಳೆದು ಚಿಕ್ಕ ಬಾಟಲಿಗೆ ತುಂಬಬೇಕು. ಅದು ಲ್ಯಾಬ್‌ಗೆ ಹೋಗಬೇಕು. ಅಲ್ಲಿ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯಲ್ಲಿ ದುರ್ಬಲಗೊಳಿಸಿ, ಟೈಟ್ರೇಷನ್ ಮಾಡಿ, ಲೆಕ್ಕ ಹಾಕಬೇಕು. ಅಷ್ಟರಲ್ಲಿ ಕಾಲಮ್‌ನಲ್ಲಿ ಆ ದ್ರಾವಣ ಎಷ್ಟೋ ಮುಂದೆ ಹೋಗಿರುತ್ತದೆ. ಬರುವ ರಿಪೋರ್ಟ್ ಕಳೆದುಹೋದ ಗಳಿಗೆಯದು.

ಗಂಟೆ ತಡವಾದರೆ ಏನಾಗುತ್ತದೆ ಎಂದು ನಿಮ್ಮ ವಿದ್ಯಾರ್ಥಿನಿ ಕೇಳಬಹುದು. ಬ್ರಿಟನ್ನಿನ ವಿಂಡ್‌ಸ್ಕೇಲ್ ಮರುಸಂಸ್ಕರಣೆ ಪ್ಲಾಂಟ್‌ನಲ್ಲಿ 1970ರ ಆಗಸ್ಟ್ 24ರಂದು ನಡೆದದ್ದನ್ನು ಹೇಳಿ. ಅಲ್ಲಿ ಒಂದು ಟ್ಯಾಂಕಿನ ಮೂಲಕ ಪ್ಲುಟೋನಿಯಂ ಇರುವ ಆಸಿಡ್ ದ್ರಾವಣ ಹಾದುಹೋಗುತ್ತಿತ್ತು. ದ್ರಾವಣ ತೆಳುವಾಗಿತ್ತು. ಅಷ್ಟರಿಂದ ಅಪಾಯವಿಲ್ಲ ಎಂದೇ ಲೆಕ್ಕ. ಆದರೆ ಆ ಟ್ಯಾಂಕಿನಲ್ಲಿ ಸುಮಾರು 40 ಲೀಟರ್ ದ್ರಾವಕ ಹೇಗೋ ಸೇರಿಕೊಂಡು, ಮೇಲೆ ತೇಲುತ್ತಾ ಉಳಿದುಬಿಟ್ಟಿತ್ತು. ಪೈಪ್ ಜೋಡಿಸಿದ ರೀತಿಯಿಂದಾಗಿ ಅದಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ. ಕೆಳಗೆ ಹರಿದು ಹೋದ ಪ್ರತಿ ಸಲದ ದ್ರಾವಣದಿಂದಲೂ ಅದು ಸ್ವಲ್ಪ ಸ್ವಲ್ಪ ಪ್ಲುಟೋನಿಯಂ ಹೀರಿಕೊಂಡಿತು. ದ್ರಾವಕದ ಕೆಲಸವೇ ಅದು ತಾನೇ? ಕೊನೆಗೆ ಎರಡು ಕಿಲೋಗೂ ಮೀರಿ ಪ್ಲುಟೋನಿಯಂ ಆ 40 ಲೀಟರಿನಲ್ಲಿ ಸೇರಿತ್ತು. ಪ್ಲುಟೋನಿಯಂ ಒಂದೇ ಕಡೆ ಜಾಸ್ತಿ ಸೇರಿದರೆ ಅದರ ಪರಮಾಣುಗಳು ಒಂದರಿಂದ ಒಂದು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆ ಶುರುವಾಗುತ್ತದೆ. ಆ ದಿನ ಕೆಲವೇ ಸೆಕೆಂಡು ಅದು ನಡೆದು ಅಲಾರಂ ಹೊಡೆಯಿತು. ಕಟ್ಟಡದಲ್ಲಿ ಇಬ್ಬರಿದ್ದರು. ಅದೃಷ್ಟಕ್ಕೆ ಅವರಿಗೆ ತಗುಲಿದ ವಿಕಿರಣ ಕಡಿಮೆ. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಅಳೆದರೂ, ಒಳಗೆ ಉಳಿದದ್ದನ್ನು ಯಾವ ಉಪಕರಣವೂ ನೋಡುತ್ತಿರಲಿಲ್ಲ.

ಪ್ಲುಟೋನಿಯಂ ಬೇರೆ ಮಾಡುವ ಕಾಲಮ್‌ನಲ್ಲೂ ಇಂಥದೇ ಭಯ. ಅಲ್ಲಿ ಪ್ಲುಟೋನಿಯಂ ಮೂರರ ವೇಲೆನ್ಸಿಯಲ್ಲೇ ಉಳಿಯುವಂತೆ ಹೈಡ್ರಜೀನ್ ಹಾಕಿರುತ್ತಾರೆ. ಅದು ಕಡಿಮೆಯಾದರೆ ನೈಟ್ರಸ್ ಆಸಿಡ್ ಪ್ಲುಟೋನಿಯಂ ಅನ್ನು ಮತ್ತೆ ನಾಲ್ಕಕ್ಕೆ ಏರಿಸುತ್ತದೆ. ಆಗ ಅದು ಮತ್ತೆ ದ್ರಾವಕಕ್ಕೆ ಹೋಗಿ ಕಾಲಮ್‌ನಲ್ಲೇ ಸುತ್ತು ಹೊಡೆಯುತ್ತಾ ಜಮಾ ಆಗುತ್ತದೆ. ಇದನ್ನು ಹಿಡಿಯಲು ಕಾಲಮ್ ಪಕ್ಕ ನ್ಯೂಟ್ರಾನ್ ಎಣಿಸುವ ಕೌಂಟರ್‌ಗಳನ್ನು ಇಡುತ್ತಾರೆ. ಪ್ಲುಟೋನಿಯಂ ಜಾಸ್ತಿಯಾದರೆ ಎಣಿಕೆ ಏರುತ್ತದೆ. ಇಂಧನ ಕರಗುತ್ತಿರುವುದನ್ನು ತಿಳಿಯಲು ಚಿಮಣಿಯಲ್ಲಿ ಕ್ರಿಪ್ಟಾನ್-85 ಅನಿಲವನ್ನು ನೋಡುತ್ತಾರೆ. ಕಡ್ಡಿ ತುಂಡಾಗಿ ಕರಗಿದಂತೆ ಒಳಗೆ ಸಿಕ್ಕಿಕೊಂಡಿದ್ದ ಆ ಅನಿಲ ಹೊರಬರುತ್ತದೆ. ಈ ಎರಡೂ ಗಳಿಗೆ ಗಳಿಗೆಗೂ ಸಿಗುವ ಮಾಹಿತಿ.

ಈಗ ನಿಮ್ಮ ತರಗತಿಗೆ ಅತಿ ಹೆಚ್ಚು ಹಿಡಿಸುವ ಭಾಗಕ್ಕೆ ಬರುತ್ತೇನೆ: ಬಣ್ಣ. ಯುರೇನಿಯಂ ಆರರ ವೇಲೆನ್ಸಿಯಲ್ಲಿ ಹಳದಿ, ನಾಲ್ಕರಲ್ಲಿ ಹಸಿರು. ಪ್ಲುಟೋನಿಯಂ ಮೂರರಲ್ಲಿ ನೀಲಿ-ನೇರಳೆ, ನಾಲ್ಕರಲ್ಲಿ ಕಂದು. ಒಂದೇ ಧಾತು ಎಲೆಕ್ಟ್ರಾನ್ ಪಡೆದ ಕೂಡಲೇ ಬಣ್ಣ ಬದಲಿಸುತ್ತದೆ. ಅಂದಮೇಲೆ ಬಣ್ಣ ನೋಡಿದರೆ ಪ್ಲುಟೋನಿಯಂ ಎಷ್ಟಿದೆ ಎನ್ನುವುದರ ಜೊತೆಗೆ ಯಾವ ಸ್ಥಿತಿಯಲ್ಲಿದೆ ಎನ್ನುವುದೂ ಆ ಕ್ಷಣದಲ್ಲೇ ಗೊತ್ತಾಗಬೇಕು. ನಾಲ್ಕರ ಪ್ಲುಟೋನಿಯಂ 476 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕನ್ನು ಹೀರುತ್ತದೆ. ಮೂರರದ್ದು 560 ಮತ್ತು 600ರ ಹತ್ತಿರ. ಆರರದ್ದು 830ರಲ್ಲಿ ಸೂಜಿಯಂಥ ಚೂಪು ಗೆರೆ ಕೊಡುತ್ತದೆ.

ಬೆಳಕನ್ನು ಒಳಗೆ ಕಳಿಸಿ ವಾಪಸ್ ತರಲು ಆಪ್ಟಿಕಲ್ ಫೈಬರ್ ಇದೆ. ಶುದ್ಧ ಸಿಲಿಕಾದ ಫೈಬರ್ ವಿಕಿರಣಕ್ಕೆ ಬೇಗ ಕಪ್ಪಾಗುವುದಿಲ್ಲ. ದೀಪವೂ, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರೂ ಗೋಡೆಯಾಚೆ ಇರುತ್ತವೆ. ಒಳಗೆ ಪೈಪಿಗೆ ಜೋಡಿಸಿದ ಚಿಕ್ಕ ಕಿಟಕಿ ಅಷ್ಟೇ. ಇದರ ಜೊತೆ ರಾಮನ್ ಪರಿಣಾಮವನ್ನೂ ಬಳಸುತ್ತಾರೆ. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡದ್ದು, ಆಮೇಲೆ ಅವರು ಬೆಂಗಳೂರಿನಲ್ಲೇ ನೆಲೆಸಿದರು ಎನ್ನುವುದು ಮಕ್ಕಳಿಗೆ ಗೊತ್ತಿರುತ್ತದೆ. ಲೇಸರ್ ಬೆಳಕು ದ್ರಾವಣದಿಂದ ಚದುರಿ ಬರುವಾಗ ಯುರೇನೈಲ್ ಅಯಾನು (ದ್ರಾವಣದಲ್ಲಿ ಆರರ ವೇಲೆನ್ಸಿಯ ಯುರೇನಿಯಂ ಇರುವ ರೂಪ) ರಾಮನ್ ಅಳತೆಯಲ್ಲಿ ಸುಮಾರು 870 cm⁻¹ ಹತ್ತಿರ ಒಂದು ಗೆರೆ ಕೊಡುತ್ತದೆ, ನೈಟ್ರೇಟ್ ಸುಮಾರು 1048ರ ಹತ್ತಿರ. ಯುರೇನಿಯಂ ಎಷ್ಟು, ಆಸಿಡ್ ಕಡೆಯ ನೈಟ್ರೇಟ್ ಎಷ್ಟು ಎಂದು ಬೇರೆ ಬೇರೆಯಾಗಿ ಕಾಣುತ್ತದೆ. ಸಾಂದ್ರತೆಯ ಅಳತೆ ಬಿಡಿಸಲಾಗದೆ ಬಿಟ್ಟ ಗಂಟನ್ನು ಇದು ಬಿಡಿಸುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಈ ದಾರಿಯಲ್ಲಿ ಬಹಳ ದೂರ ಹೋಗಿದ್ದಾರೆ. ನಿಜವಾದ ಬಳಸಿದ ಇಂಧನವನ್ನೇ ಕರಗಿಸಿ ಅದರ ಮೇಲೆ ಈ ಅಳತೆಗಳನ್ನು ಪರೀಕ್ಷಿಸಿದ್ದಾರೆ. ಕಾಡ್‌ಕಾನ್ ಎಂಬ ಪ್ರಯೋಗದಲ್ಲಿ ಅವರ ಗುರಿ, ಪ್ಲುಟೋನಿಯಂ ಅನ್ನು ಪೂರ್ತಿ ಬೇರೆ ಮಾಡದೆ, 7 ಪಾಲು ಯುರೇನಿಯಂಗೆ 3 ಪಾಲು ಪ್ಲುಟೋನಿಯಂ ಇರುವಂತೆ ಒಟ್ಟಿಗೇ ಹೊರತರುವುದು. ಹರಿಯುತ್ತಿರುವಾಗಲೇ ಸ್ಪೆಕ್ಟ್ರಮ್ ನೋಡಿ ಹರಿವನ್ನು ಹೊಂದಿಸಿಕೊಳ್ಳದೆ ಇದು ಆಗುವ ಕೆಲಸವಲ್ಲ.

ಇಲ್ಲಿ ಕಂಪ್ಯೂಟರ್ ನಿಜಕ್ಕೂ ದೊಡ್ಡ ಕೆಲಸ ಮಾಡುತ್ತದೆ. ನಿಜವಾದ ದ್ರಾವಣದಲ್ಲಿ ಹತ್ತಾರು ಧಾತುಗಳ ಬಣ್ಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಗೊತ್ತಿರುವ ಪ್ರಮಾಣದ ನೂರಾರು ದ್ರಾವಣಗಳ ಸ್ಪೆಕ್ಟ್ರಮ್ ತೋರಿಸಿ ಕಂಪ್ಯೂಟರ್‌ಗೆ ಕಲಿಸುತ್ತಾರೆ. ಆಮೇಲೆ ಅದು ಗೊತ್ತಿಲ್ಲದ ದ್ರಾವಣವನ್ನು ಬಿಡಿಸಿ ಹೇಳುತ್ತದೆ. ಆದರೆ ಕಲಿಸಿದ್ದರ ಆಚೆಗೆ ಏನಾದರೂ ಬಂದರೆ? ದ್ರಾವಕ ವಿಕಿರಣದಿಂದ ಕೆಟ್ಟು ಬೇರೆ ವಸ್ತುಗಳಾಗುತ್ತದೆ. ಕಿಟಕಿಯ ಮೇಲೆ ಪೊರೆ ಕೂರುತ್ತದೆ. ಗಾಳಿ ಗುಳ್ಳೆ ಹಾದುಹೋಗುತ್ತದೆ. ಆಗಲೂ ಒಂದು ಸಂಖ್ಯೆ ಪರದೆ ಮೇಲೆ ಬಂದೇ ಬರುತ್ತದೆ. ಅದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇರೆ ದಾರಿಯಿಂದ ಬಂದ ಇನ್ನೊಂದು ಸಂಖ್ಯೆ ಕೈಯಲ್ಲಿರಬೇಕು.

ಆ ಇನ್ನೊಂದು ಸಂಖ್ಯೆ ಕೈಯಲ್ಲಿದ್ದೂ ನೋಡದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಸೆಲ್ಲಾಫೀಲ್ಡ್‌ನಲ್ಲಿದ್ದ (ವಿಂಡ್‌ಸ್ಕೇಲ್‌ನ ಈಗಿನ ಹೆಸರು) ಥಾರ್ಪ್ ಎಂಬ ಮರುಸಂಸ್ಕರಣೆ ಪ್ಲಾಂಟ್ ಸಾಕ್ಷಿ. 1994ರಲ್ಲಿ ಶುರುವಾದ, ಆ ಕಾಲಕ್ಕೆ ಅತ್ಯಾಧುನಿಕ ಪ್ಲಾಂಟ್ ಅದು. ಇಂಧನ ಕರಗಿಸಿದ ದ್ರಾವಣವನ್ನು ತೂಗಿ ಲೆಕ್ಕ ಇಡಲು ಒಂದು ಟ್ಯಾಂಕನ್ನು ತಕ್ಕಡಿಯ ಹಾಗೆ ಮೇಲಿಂದ ತೂಗು ಹಾಕಿದ್ದರು. ಅದು ಅಲುಗಾಡುತ್ತಿತ್ತು. ಅದಕ್ಕೆ ಸೇರಿದ ಪೈಪ್ ಬಾಗಿ ಬಾಗಿ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದಲ್ಲ, ಹಾಗೆ ಮುರಿಯಿತು. ದ್ರಾವಣ ಕೋಣೆಯ ನೆಲಕ್ಕೆ ಸುರಿಯತೊಡಗಿತು. 2005ರ ಏಪ್ರಿಲ್‌ನಲ್ಲಿ ಕ್ಯಾಮೆರಾ ಇಳಿಸಿ ನೋಡುವ ಹೊತ್ತಿಗೆ 83 ಸಾವಿರ ಲೀಟರ್ ನೆಲದಲ್ಲಿ ನಿಂತಿತ್ತು. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುತ್ತವಲ್ಲ, 12 ಸಾವಿರ ಲೀಟರಿನ ನೀರಿನ ಟ್ಯಾಂಕರ್‌ಗಳು, ಹತ್ತಿರ ಹತ್ತಿರ ಅಂಥ ಏಳು. ಅದರಲ್ಲಿ ಸುಮಾರು 20 ಟನ್ ಯುರೇನಿಯಂ, 160 ಕಿಲೋ ಪ್ಲುಟೋನಿಯಂ.

ಇದು ಒಂದು ರಾತ್ರಿಯಲ್ಲಿ ಆದದ್ದಲ್ಲ. ತಿಂಗಳುಗಟ್ಟಲೆ ಸೋರಿತ್ತು. ನೆಲದ ಗುಂಡಿಯಲ್ಲಿ ಮಟ್ಟ ಅಳೆಯಲು ಗಾಳಿ ಟ್ಯೂಬ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಗುಂಡಿಯಿಂದ ತೆಗೆದ ಸ್ಯಾಂಪಲ್‌ನಲ್ಲಿ ಯುರೇನಿಯಂ ಕಂಡಿತ್ತು. ಇರಬಾರದ ಜಾಗದಲ್ಲಿ ಯುರೇನಿಯಂ ಇದೆ ಎಂದರೆ ಸೋರಿಕೆ ಎಂದೇ ಅರ್ಥ. ಆದರೂ ಯಾರೂ ಮುಂದುವರಿದು ವಿಚಾರಿಸಲಿಲ್ಲ. ಹೊಸ ಪ್ಲಾಂಟ್, ಇಲ್ಲಿ ಸೋರಲು ಸಾಧ್ಯವಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಕೊನೆಗೆ ಎಚ್ಚರಿಸಿದ್ದು, ಎಷ್ಟು ಬಂತು ಎಷ್ಟು ಹೋಯಿತು ಎಂದು ಲೆಕ್ಕ ಇಡುವವರು. ತಾಳೆ ಆಗುತ್ತಿಲ್ಲ ಎಂದು ಅವರು ಹೇಳಿದ ಮೇಲೆ ಹುಡುಕಾಟ ನಡೆಯಿತು. ಕೋಣೆಯ ನೆಲಕ್ಕೆ ಸ್ಟೀಲ್ ಹೊದಿಕೆ ಇದ್ದದ್ದರಿಂದ ದ್ರಾವಣ ಹೊರಗೆ ಹೋಗಲಿಲ್ಲ, ಯಾರಿಗೂ ತೊಂದರೆ ಆಗಲಿಲ್ಲ. ನಡೆಸುತ್ತಿದ್ದ ಕಂಪನಿಗೆ 2006ರಲ್ಲಿ ಕೋರ್ಟ್ ಐದು ಲಕ್ಷ ಪೌಂಡ್ ದಂಡ ಹಾಕಿತು.

ನಮ್ಮಲ್ಲೂ ಒಂದು ಘಟನೆ ಇದೆ. ಅದನ್ನು ಹೇಳದೆ ಬಿಟ್ಟರೆ ಉತ್ತರ ಪೂರ್ತಿಯಾಗುವುದಿಲ್ಲ. 2003ರ ಜನವರಿಯಲ್ಲಿ ಕಲ್ಪಾಕ್ಕಂನ ಮರುಸಂಸ್ಕರಣೆ ಪ್ಲಾಂಟ್‌ನಲ್ಲಿ ಕೆಲವು ಸಿಬ್ಬಂದಿ ಕಡಿಮೆ ವಿಕಿರಣದ ತ್ಯಾಜ್ಯದ ಟ್ಯಾಂಕಿನಿಂದ ಸ್ಯಾಂಪಲ್ ತರಲು ಹೋದರು. ಒಂದು ವಾಲ್ವ್ ಕೆಟ್ಟು ತೀವ್ರ ವಿಕಿರಣದ ತ್ಯಾಜ್ಯ ಅಲ್ಲಿಗೆ ಬಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ವಾಲ್ವ್ ಕೆಟ್ಟಿದೆ ಎಂದು ಹೇಳುವ ವ್ಯವಸ್ಥೆ ಅಲ್ಲಿರಲಿಲ್ಲ. ಆ ಜಾಗದಲ್ಲಿ ವಿಕಿರಣ ಅಳೆದು ಅಲಾರಂ ಕೊಡುವ ಮಾನಿಟರ್ ಕೂಡ ಇರಲಿಲ್ಲ. ಆರು ಮಂದಿಗೆ 280ರಿಂದ 420 ಮಿಲಿಸೀವರ್ಟ್ ತನಕ ವಿಕಿರಣ ತಗುಲಿತು. ನಮ್ಮಲ್ಲಿ ಇಂಥ ಕೆಲಸಗಾರರಿಗೆ ವರ್ಷದ ಮಿತಿ 30. ಸ್ಯಾಂಪಲ್ ಲ್ಯಾಬ್‌ಗೆ ಬಂದ ಮೇಲೇ ವಿಷಯ ತಿಳಿದದ್ದು. ಆ ಕ್ಷಣದ ಮಾಹಿತಿ ಎಂದರೆ ಏನು ಎಂದು ಕೇಳಿದವರಿಗೆ ನಾನು ಈ ಆರು ಜನರನ್ನು ನೆನಪಿಸುತ್ತೇನೆ. ಅಲ್ಲಿ ಬೇಕಿದ್ದದ್ದು ಲೇಸರ್ ಅಲ್ಲ, ಗೋಡೆಯ ಮೇಲೆ ಒಂದು ಸಾಧಾರಣ ಗಾಮಾ ಮಾನಿಟರ್.

ಲೆಕ್ಕದ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪ್ರಕಾರ ಎಂಟು ಕಿಲೋ ಪ್ಲುಟೋನಿಯಂ ಕಾಣೆಯಾದರೆ ಅದು ಗಂಭೀರ, ಅಷ್ಟರಿಂದ ಒಂದು ಬಾಂಬ್ ಮಾಡಬಹುದಾದ್ದರಿಂದ. ಜಪಾನಿನ ರೊಕ್ಕಾಶೋ ಪ್ಲಾಂಟ್‌ನ ವಿನ್ಯಾಸ ವರ್ಷಕ್ಕೆ 800 ಟನ್ ಇಂಧನಕ್ಕೆ. ಅಂದರೆ ಸುಮಾರು ಎಂಟು ಟನ್ ಪ್ಲುಟೋನಿಯಂ. ಅಳತೆಯಲ್ಲಿ ಬರೀ ಶೇಕಡಾ ಒಂದು ಅನಿಶ್ಚಿತತೆ ಇದ್ದರೂ 80 ಕಿಲೋ ಆಯಿತಲ್ಲ. ವರ್ಷದ ಕೊನೆಗೆ ಒಮ್ಮೆ ತಾಳೆ ನೋಡಿದರೆ ಏನೂ ಹೇಳಲಾಗದು. ಹರಿಯುವಾಗಲೇ ಅಳೆಯಬೇಕು ಎನ್ನುವುದಕ್ಕೆ ಸುರಕ್ಷತೆಯಷ್ಟೇ ಇದೂ ಕಾರಣ.

ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು, ಮೇಡಂ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಎರಡು ಬಾಯಿಯ ಪಂಪ್, ಎರಡು ಸಣ್ಣ ಟ್ಯೂಬ್, ಬಣ್ಣದ ನೀರು ತುಂಬಿದ ಯು ಆಕಾರದ ಟ್ಯೂಬ್, ಒಂದು ಆಳದ ಬಕೆಟ್ ಸಾಕು. ಎರಡು ಟ್ಯೂಬ್‌ಗಳನ್ನು ಒಂದು ಕೋಲಿಗೆ ಕಟ್ಟಿ, ತುದಿಗಳ ನಡುವೆ 20 ಸೆಂಟಿಮೀಟರ್ ಅಂತರ ಇರಲಿ. ಗುಳ್ಳೆ ಒಂದೊಂದಾಗಿ ಬರುವಷ್ಟು ಮಾತ್ರ ಗಾಳಿ ಬಿಡಿ. ಯು ಟ್ಯೂಬ್‌ನ ಒಂದೊಂದು ಕೈಯನ್ನು ಒಂದೊಂದು ಟ್ಯೂಬ್‌ಗೆ ಸೇರಿಸಿ. ಸಿಹಿನೀರಿನಲ್ಲಿ ವ್ಯತ್ಯಾಸ 20 ಸೆಂಟಿಮೀಟರ್ ಬರುತ್ತದೆ. ಕರಗುವಷ್ಟೂ ಉಪ್ಪು ಹಾಕಿದರೆ 24ರ ಹತ್ತಿರ ಹೋಗುತ್ತದೆ. ಆಮೇಲೆ ಬಕೆಟ್‌ಗೆ ಬಟ್ಟೆ ಮುಚ್ಚಿ, ಮಕ್ಕಳಿಗೆ ಕಾಣದ ಹಾಗೆ ಒಂದು ಟ್ಯೂಬಿನ ತುದಿಗೆ ಸ್ವಲ್ಪ ಮೇಣ ಮೆತ್ತಿ, ಗಾಳಿ ಕಷ್ಟಪಟ್ಟು ಹೊರಬರುವಷ್ಟು. ಬರೀ ಯು ಟ್ಯೂಬ್ ನೋಡಿ ಒಳಗೆ ಏನಾಗಿದೆ, ಉಪ್ಪು ಹೆಚ್ಚಾಯಿತೋ ಟ್ಯೂಬ್ ಕಟ್ಟಿಕೊಂಡಿತೋ ಎಂದು ಹೇಳಲು ಬಿಡಿ. ಪ್ರಶ್ನೆ ಕೇಳಿದ ಆ ಹುಡುಗಿಯನ್ನೇ ಮೊದಲು ಕೂರಿಸಿ.